ದೈಹಿಕ ಚಟುವಟಿಕೆಯ ಪ್ರಶ್ನಾವಳಿ: ನಂಬುವ ಮೊದಲು ಪರೀಕ್ಷಿಸುವುದು ಹೇಗೆ?

ಸಮುದಾಯ ಆರೋಗ್ಯ, ಫಿಸಿಯೋಥೆರಪಿ, ನರ್ಸಿಂಗ್, ದೈಹಿಕ ಶಿಕ್ಷಣ ಓದುವವರ ಪ್ರಬಂಧಗಳಲ್ಲಿ ಒಂದು ಸಾಲು ಪದೇ ಪದೇ ಸಿಗುತ್ತದೆ: "ಚಟುವಟಿಕೆಯನ್ನು ಅಳೆಯಲು ಪ್ರಮಾಣಿತ ಪ್ರಶ್ನಾವಳಿಯನ್ನು ಬಳಸಲಾಗಿದೆ." ಅದನ್ನು ಯಾರ ಮೇಲೆ ಪರೀಕ್ಷಿಸಿದ್ದರು, ಯಾವ ಭಾಷೆಯಲ್ಲಿ, ಯಾವುದರ ಜೊತೆ ಹೋಲಿಸಿ? ಇದಕ್ಕೆ ಉತ್ತರ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಆ ಪ್ರಬಂಧದ ತೀರ್ಮಾನಗಳೆಲ್ಲ ನಿಂತಿರುವುದು ಅದೇ ಉತ್ತರದ ಮೇಲೆ. ಊರಿನ ಹೆಂಗಸರು ಚಟುವಟಿಕೆಯಿಂದ ಇಲ್ಲ ಅಂತ ಒಂದು ವರದಿ ಹೇಳಿದಾಗ, ಅದು ಅವರ ಬದುಕಿನ ವಿಷಯವೋ ಪ್ರಶ್ನೆ ಕೇಳಿದ ರೀತಿಯ ವಿಷಯವೋ ಎಂದು ತಿಳಿಯದೇ ಹೋದರೆ ಅದು ಆ ಹೆಂಗಸರಿಗೆ ಮಾಡಿದ ಅನ್ಯಾಯ.

ಪ್ರಶ್ನಾವಳಿಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಸಾವಿರಾರು ಜನರನ್ನು ಕಡಿಮೆ ಖರ್ಚಿನಲ್ಲಿ ಕೇಳಲು ಬೇರೆ ದಾರಿಯೇ ಇಲ್ಲ. ಕೆಲಸಕ್ಕಾಗಿ ನಡೆದರೋ ವಾಯುವಿಹಾರಕ್ಕೆ ನಡೆದರೋ ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು. ಬಳಸುವ ಮೊದಲು ಪರೀಕ್ಷಿಸಿ ಅಂತಷ್ಟೇ ನನ್ನ ಮಾತು. ಹೇಗೆ ಅಂತ ಮುಂದೆ ನೋಡೋಣ.

ಮೊದಲು: ನಿಮಗೆ ಬೇಕಾಗಿರುವುದು ಏನು?

ಇದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಜನರನ್ನು ಹೆಚ್ಚು, ಮಧ್ಯಮ, ಕಡಿಮೆ ಅಂತ ಸಾಲಿನಲ್ಲಿ ನಿಲ್ಲಿಸಿದರೆ ಸಾಕಾ? ಅಥವಾ ಒಬ್ಬೊಬ್ಬರೂ ದಿನಕ್ಕೆ ಎಷ್ಟು ನಿಮಿಷ ಅಂತ ಬೇಕಾ? ಮೂರು ತಿಂಗಳ ಯೋಗ ಶಿಬಿರದ ನಂತರ ಬದಲಾವಣೆ ಆಯಿತೇ ಅಂತ ನೋಡಬೇಕಾ? ಮೂರಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು. ಒಂದಕ್ಕೆ ಸರಿ ಹೋಗುವ ಪ್ರಶ್ನಾವಳಿ ಇನ್ನೊಂದಕ್ಕೆ ಕೈ ಕೊಡಬಹುದು.

ಎರಡು ಪದಗಳನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಅದೇ ವ್ಯಕ್ತಿಯನ್ನು ಮತ್ತೆ ಕೇಳಿದಾಗ ಅದೇ ಉತ್ತರ ಬಂದರೆ ಅದು ವಿಶ್ವಾಸಾರ್ಹತೆ. ಬಂದ ಉತ್ತರ ನಿಜಕ್ಕೆ ಹತ್ತಿರವಿದ್ದರೆ ಅದು ಸಿಂಧುತ್ವ. ಅರ್ಧ ಗಂಟೆ ನಡೆಯುವವರು ಎರಡು ಸಲವೂ "ಒಂದು ಗಂಟೆ" ಅಂದರೆ ಮೊದಲನೆಯದು ಪೂರ್ತಿ ಇದೆ, ಎರಡನೆಯದು ಇಲ್ಲ. ಚಟುವಟಿಕೆಯ ಪ್ರಶ್ನಾವಳಿಗಳಲ್ಲಿ ತುಂಬಾ ಸಲ ಆಗುವುದು ಇದೇ. ಜನ ತಮ್ಮ ಅಂದಾಜಿಗೆ ನಿಷ್ಠರಾಗಿರುತ್ತಾರೆ, ಆ ಅಂದಾಜು ತಪ್ಪಿದ್ದರೂ.

ಪ್ರಶ್ನಾವಳಿಯನ್ನು ಬಿಡಿಸಿ ಓದಿ

ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದು ಐಪ್ಯಾಕ್ (IPAQ, ಅಂತರರಾಷ್ಟ್ರೀಯ ದೈಹಿಕ ಚಟುವಟಿಕೆ ಪ್ರಶ್ನಾವಳಿ). 1998ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು ಇದರ ಕೆಲಸ ಶುರು ಮಾಡಿದರು. ಚಿಕ್ಕ ರೂಪದಲ್ಲಿ 7 ಪ್ರಶ್ನೆ, ದೊಡ್ಡದರಲ್ಲಿ 27. ಕಳೆದ 7 ದಿನಗಳ ಬಗ್ಗೆ ಕೇಳುತ್ತದೆ. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಜಿಪ್ಯಾಕ್ (GPAQ, ಜಾಗತಿಕ ದೈಹಿಕ ಚಟುವಟಿಕೆ ಪ್ರಶ್ನಾವಳಿ). ಇದರಲ್ಲಿ 16 ಪ್ರಶ್ನೆ: ಕೆಲಸಕ್ಕೆ 6, ಓಡಾಟಕ್ಕೆ 3, ಬಿಡುವಿನ ಹೊತ್ತಿಗೆ 6, ಕೂತಿರುವ ಹೊತ್ತಿಗೆ 1. ಇದು ಕೇಳುವುದು ಮಾಮೂಲಿ ವಾರದ ಬಗ್ಗೆ.

ಈ ವ್ಯತ್ಯಾಸ ಮುಖ್ಯ. ಕಳೆದ 7 ದಿನ ಅಂತ ಕೇಳಿದರೆ ನೆನಪು ತಾಜಾ ಇರುತ್ತದೆ. ಆದರೆ ಆ ವಾರವೇ ಹಬ್ಬವೋ ಮದುವೆಯೋ ಜ್ವರವೋ ಇದ್ದರೆ ಚಿತ್ರ ಬದಲಾಗುತ್ತದೆ. ಮಾಮೂಲಿ ವಾರ ಅಂತ ಕೇಳಿದರೆ ಆ ತೊಂದರೆ ಇಲ್ಲ, ಆದರೆ ಜನ ತಾವು ಮಾಡಬೇಕು ಅಂದುಕೊಂಡ ವಾರವನ್ನು ಹೇಳಿಬಿಡುವ ಅಪಾಯವಿದೆ. ಇನ್ನು ನಾಟಿ, ಕಳೆ, ಕೊಯ್ಲು ಅಂತ ವರ್ಷ ಹಂಚಿಹೋಗಿರುವ ರೈತರಿಗೆ ಮಾಮೂಲಿ ವಾರ ಅನ್ನುವುದು ಯಾವುದು? ಇಂಥ ಕಡೆ ಎರಡು ಹಂಗಾಮಿನಲ್ಲಿ ಕೇಳದೆ ಗತಿಯಿಲ್ಲ.

ಇನ್ನೊಂದು ಸಣ್ಣ ವಿಷಯ. ಎರಡೂ ಪ್ರಶ್ನಾವಳಿಗಳು ಮೂಲದಲ್ಲಿ ಕನಿಷ್ಠ 10 ನಿಮಿಷ ಒಂದೇ ಸಮನೆ ಮಾಡಿದ ಚಟುವಟಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಈ 10 ನಿಮಿಷದ ಷರತ್ತನ್ನು ಕೈಬಿಟ್ಟಿದೆ. ಮನೆಗೆಲಸ ಬಹುಪಾಲು ತುಂಡು ತುಂಡಾಗಿ ನಡೆಯುವುದರಿಂದ ಹಳೆಯ ಷರತ್ತಿನ ಪೆಟ್ಟು ಹೆಚ್ಚಾಗಿ ಬೀಳುವುದು ಹೆಂಗಸರ ಲೆಕ್ಕದ ಮೇಲೆ.

ಕನ್ನಡಕ್ಕೆ ತಂದ ಮೇಲೆ ಜನರ ಎದುರು ಕೂತು ನೋಡಿ

ಅನುವಾದ ಮಾಡಿ, ಬೇರೆಯವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸುವ ಪದ್ಧತಿ ಎಲ್ಲರಿಗೂ ಗೊತ್ತಿದೆ. ಅದು ಬೇಕು, ಆದರೆ ಸಾಲದು. ವಾಕ್ಯ ಸರಿಯಿದ್ದೂ ಕೇಳಿಸಿಕೊಂಡವರಿಗೆ ಬೇರೆ ಅರ್ಥ ಆಗಬಹುದು.

ಹಾಗಾಗಿ ಎಂಟು ಹತ್ತು ಜನರನ್ನು ಹುಡುಕಿ. ಓದು ಬಂದವರು, ಬಾರದವರು, ಗಂಡಸರು, ಹೆಂಗಸರು, ವಯಸ್ಸಾದವರು ಎಲ್ಲರೂ ಇರಲಿ. ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಆಮೇಲೆ ನಿಧಾನವಾಗಿ ಕೇಳಿ: "ಅಮ್ಮ, ಒಂದು ಗಂಟೆ ಅಂದ್ರಲ್ಲ, ಅದನ್ನ ಹೇಗೆ ಲೆಕ್ಕ ಹಾಕಿದ್ರಿ? ಯಾವ ಯಾವ ಕೆಲಸ ಸೇರಿಸಿದ್ರಿ?" ಇಲ್ಲಿ ಸಿಗುವ ತಿಳಿವಳಿಕೆ ಮುಂದೆ ಯಾವ ಅಂಕಿಯಿಂದಲೂ ಸಿಗುವುದಿಲ್ಲ. ದಯವಿಟ್ಟು ಈ ಹೆಜ್ಜೆಯನ್ನು ಬಿಡಬೇಡಿ.

ಏನೇನು ಹೊರಗೆ ಬರುತ್ತದೆ ನೋಡಿ. ಜಿಪ್ಯಾಕ್ ಪ್ರಕಾರ ಕೆಲಸ ಅಂದರೆ ಸಂಬಳದ್ದೂ ಹೌದು, ಸಂಬಳವಿಲ್ಲದ ಮನೆಗೆಲಸ, ಹೊಲದ ಕೆಲಸವೂ ಹೌದು. ಆದರೆ "ನಿಮ್ಮ ಕೆಲಸದಲ್ಲಿ..." ಅಂತ ಶುರು ಮಾಡಿದ ಕೂಡಲೇ "ನಾನು ಕೆಲಸಕ್ಕೆ ಹೋಗಲ್ಲ, ಮನೇಲೇ ಇರ್ತೀನಿ" ಅಂತ ಉತ್ತರ ಬರಬಹುದು. ಬೆಳಗಿನಿಂದ ನೀರು ಹೊತ್ತು, ಕೊಟ್ಟಿಗೆ ಬಾಚಿ, ಬಟ್ಟೆ ಒಗೆದು, ರೊಟ್ಟಿ ತಟ್ಟಿದ್ದೆಲ್ಲ ಸೊನ್ನೆ ಆಗಿಬಿಡುತ್ತದೆ. ಅದಕ್ಕೇ ಜಿಪ್ಯಾಕ್‌ನಲ್ಲಿ ಉದಾಹರಣೆಗಳನ್ನು ಸ್ಥಳೀಯವಾಗಿ ಬದಲಿಸಲು ಅವಕಾಶ ಇಟ್ಟಿದ್ದಾರೆ, ಚಿತ್ರಗಳ ಕಾರ್ಡ್ ತೋರಿಸಿ ಅಂತಲೂ ಹೇಳುತ್ತಾರೆ. ನಿಮ್ಮ ತಾಲ್ಲೂಕಿನ ಕೆಲಸಗಳ ಚಿತ್ರಗಳನ್ನೇ ಹಾಕಿ. ಮಲೆನಾಡಿನಲ್ಲಿ ಅಡಿಕೆ ಸುಲಿಯುವುದು ಇರಲಿ, ಬಯಲುಸೀಮೆಯಲ್ಲಿ ರಾಗಿ ಕೊಯ್ಲು ಇರಲಿ.

ತೀವ್ರತೆಯ ಮಾತೂ ಹಾಗೇ. "ಮಧ್ಯಮ ತೀವ್ರತೆ" ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. "ಉಸಿರು ಸ್ವಲ್ಪ ಜಾಸ್ತಿ ಆಗುತ್ತೆ, ಆದರೂ ಮಾತಾಡಬಹುದು" ಅನ್ನಿ. "ಏದುಸಿರು ಬರುತ್ತೆ, ಮಾತಾಡೋದು ಕಷ್ಟ" ಅನ್ನಿ. ಆಗ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಅದೇ ಕೊಡ 25ರ ಹುಡುಗಿಗೆ ಹಗುರ, 60ರ ಅಜ್ಜಿಗೆ ಏದುಸಿರು. ಜನ ಹೇಳುವುದು ತಮ್ಮ ಮೈಗೆ ಅನ್ನಿಸಿದ್ದನ್ನು.

ಎರಡು ಸಲ ಕೇಳುವ ಪರೀಕ್ಷೆ

ಕನಿಷ್ಠ 50 ಜನ ಇರಲಿ, 100 ಇದ್ದರೆ ಇನ್ನೂ ಒಳ್ಳೆಯದು. ಅದೇ ಪ್ರಶ್ನಾವಳಿ, ಅದೇ ಕ್ರಮ, ಸಾಧ್ಯವಾದರೆ ವಾರದ ಅದೇ ದಿನ. ಮೊದಲ ಸಲ ಸಂದರ್ಶನ ಮಾಡಿ ಎರಡನೇ ಸಲ ಗೂಗಲ್ ಫಾರ್ಮ್ ಕಳಿಸಿದರೆ ಆ ಪರೀಕ್ಷೆಗೆ ಅರ್ಥವಿಲ್ಲ.

ನಡುವೆ ಎಷ್ಟು ದಿನ? ಎರಡೇ ದಿನಕ್ಕೆ ಕೇಳಿದರೆ ಹಿಂದಿನ ಉತ್ತರ ನೆನಪಿರುತ್ತದೆ. ಎರಡು ತಿಂಗಳು ಬಿಟ್ಟರೆ ಬದುಕೇ ಬದಲಾಗಿರಬಹುದು. ಮಾಮೂಲಿ ವಾರದ ಪ್ರಶ್ನಾವಳಿಗೆ ಒಂದರಿಂದ ಎರಡು ವಾರ ಸಾಕು. ಕಳೆದ 7 ದಿನದ ಪ್ರಶ್ನಾವಳಿಗೆ ಒಂದು ಪೇಚಿದೆ: ಎರಡನೇ ಸಲ ಕೇಳುವಾಗ ನೀವು ಬೇರೆಯದೇ ವಾರದ ಬಗ್ಗೆ ಕೇಳುತ್ತಿದ್ದೀರಿ. ಉತ್ತರ ಬದಲಾದರೆ ಪ್ರಶ್ನೆಯ ದೋಷವೋ ವಾರ ನಿಜವಾಗಿ ಬೇರೆ ಇತ್ತೋ ಹೇಳಲಾಗದು. "ಹೋದ ಸಲಕ್ಕಿಂತ ಈ ವಾರ ಏನಾದರೂ ಬೇರೆ ಇತ್ತಾ?" ಅಂತ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಹೌದು ಅಂದವರನ್ನು ಬೇರೆಯಾಗಿ ಲೆಕ್ಕ ಹಾಕಬಹುದು.

ಲೆಕ್ಕಕ್ಕೆ ಮೊದಲು ದತ್ತಾಂಶವನ್ನು ಸೋಸಿ. ದಿನದ ಲೆಕ್ಕ ಕೇಳಿದಾಗ ವಾರದ್ದು ಹೇಳಿರುತ್ತಾರೆ. ಗಂಟೆಯ ಜಾಗದಲ್ಲಿ ನಿಮಿಷ ಬರೆದಿರುತ್ತಾರೆ. ಐಪ್ಯಾಕ್ ನಿಯಮದಲ್ಲಿ ದಿನದ ಮೊತ್ತ 960 ನಿಮಿಷ, ಅಂದರೆ 16 ಗಂಟೆ ದಾಟಿದರೆ ಆ ವ್ಯಕ್ತಿಯನ್ನು ಬಿಡುತ್ತಾರೆ. ಚಿಕ್ಕ ರೂಪದಲ್ಲಿ ನಡಿಗೆ, ಮಧ್ಯಮ, ತೀವ್ರ ಪ್ರತಿಯೊಂದನ್ನೂ ದಿನಕ್ಕೆ 180 ನಿಮಿಷಕ್ಕೆ ಕತ್ತರಿಸುತ್ತಾರೆ. ನಗರದ ಆಫೀಸಿನವರಿಗೆ ಇದು ಸರಿ. ದಿನವಿಡೀ ಮಣ್ಣು ಹೊರುವ ಕೂಲಿಯವರಿಗೆ ಇದೇ ನಿಯಮ ನಿಜವಾದ ಶ್ರಮವನ್ನೇ ಕತ್ತರಿಸುತ್ತದೆ. ಕತ್ತರಿಸುವ ಮೊದಲಿನ ಫಲಿತಾಂಶ, ನಂತರದ ಫಲಿತಾಂಶ ಎರಡನ್ನೂ ಕೊಡಿ.

ಯಾವ ಲೆಕ್ಕ ಹಾಕಬೇಕು, ಯಾವುದು ಬೇಡ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಜಾಸ್ತಿ ತಪ್ಪು ಆಗುವುದು ಇಲ್ಲೇ.

ಮೊದಲನೆಯದಾಗಿ, ಕ್ರೋನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ಹೇಳುವ ಅಂಕಿ) ಬೇಡ. ಎಷ್ಟೋ ಪ್ರಬಂಧಗಳಲ್ಲಿ ಆಲ್ಫಾ 0.8 ಬಂದಿದೆ, ಆದ್ದರಿಂದ ಪ್ರಶ್ನಾವಳಿ ವಿಶ್ವಾಸಾರ್ಹ ಅಂತ ಬರೆದಿರುತ್ತಾರೆ. ಎಲ್ಲ ಪ್ರಶ್ನೆಗಳೂ ಒಂದೇ ಒಳಗುಣವನ್ನು ಅಳೆಯುವಾಗ ಆಲ್ಫಾಗೆ ಅರ್ಥ, ಉದಾಹರಣೆಗೆ ಖಿನ್ನತೆಯ ಪ್ರಶ್ನಾವಳಿ. ಚಟುವಟಿಕೆ ಹಾಗಲ್ಲ. ಹೊಲದಲ್ಲಿ ದುಡಿದು ಬಂದವರು ಸಂಜೆ ಶಟಲ್ ಆಡಬೇಕು ಅಂತೇನಿಲ್ಲ. ಒಂದು ಹೆಚ್ಚಿದ್ದರೆ ಇನ್ನೊಂದು ಕಡಿಮೆ ಇರುವುದೇ ಸಹಜ. ಇವನ್ನು ಕೂಡಿಸಿ ಮೊತ್ತ ಪಡೆಯುತ್ತೇವೆ, ಅಷ್ಟೇ. ಆಲ್ಫಾ ಎಷ್ಟೇ ಬಂದರೂ ಅದು ನಮಗೆ ಏನನ್ನೂ ಹೇಳುವುದಿಲ್ಲ.

ಎರಡನೆಯದಾಗಿ, ಬರೀ ಕೋರಿಲೇಶನ್ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಅಂತ ಹೇಳುವ ಅಂಕಿ) ಕೊಟ್ಟು ಸುಮ್ಮನಾಗಬೇಡಿ. ನಾಲ್ಕು ಜನ ಮೊದಲ ಸಲ 30, 60, 90, 120 ನಿಮಿಷ ಅಂದರು, ಎರಡನೇ ಸಲ 60, 120, 180, 240 ಅಂದರು ಅಂದುಕೊಳ್ಳಿ. ಕೋರಿಲೇಶನ್ ಪೂರ್ತಿ 1 ಬರುತ್ತದೆ. ಆದರೆ ಪ್ರತಿಯೊಬ್ಬರ ಉತ್ತರವೂ ದುಪ್ಪಟ್ಟಾಗಿದೆ, ಅಲ್ವಾ? ನಿಮಿಷಗಳಿಗೆ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್, ಎರಡು ಸಲದ ಅಂಕಿಗಳು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಬಳಸಿ, ಅದರಲ್ಲೂ ಮೌಲ್ಯಗಳ ಸಂಪೂರ್ಣ ಹೊಂದಾಣಿಕೆಯನ್ನು ನೋಡುವ ಬಗೆಯನ್ನು. ಸಾಮಾನ್ಯವಾಗಿ 0.70 ದಾಟಿದರೆ ಗುಂಪುಗಳನ್ನು ಹೋಲಿಸಲು ಸಾಕು ಅನ್ನುತ್ತಾರೆ. ನಿಮಿಷಗಳ ಹಂಚಿಕೆ ಒಂದೇ ಕಡೆ ವಾಲಿರುತ್ತದೆ. ಹಾಗಾಗಿ ಸರಾಸರಿಯ ಜೊತೆ ಮಧ್ಯಾಂಕವನ್ನೂ (ಏರಿಕೆ ಕ್ರಮದಲ್ಲಿ ನಟ್ಟನಡುವೆ ಬರುವ ಅಂಕಿ), ಐಸಿಸಿ ಜೊತೆ ಸ್ಪಿಯರ್‌ಮನ್ ಅಂಕಿಯನ್ನೂ (ನಿಮಿಷದ ಬದಲು ಸ್ಥಾನಕ್ರಮದ ಮೇಲೆ ಹಾಕುವ ಕೋರಿಲೇಶನ್) ಕೊಡಿ.

ಗುಂಪುಗಳಾಗಿ ವಿಂಗಡಿಸಿದ್ದರೆ ಕಪ್ಪಾ, ಅಂದರೆ ಅದೃಷ್ಟದಿಂದ ಆಗುವ ಹೊಂದಾಣಿಕೆಯನ್ನು ಕಳೆದು ನೋಡುವ ಅಂಕಿ. ಶೇಕಡಾವಾರು ಹೊಂದಾಣಿಕೆ ಮಾತ್ರ ಕೊಟ್ಟರೆ ಮೋಸ ಹೋಗುತ್ತೇವೆ. 100 ಜನರಲ್ಲಿ 80 ಜನ ಎರಡೂ ಸಲ "ಸಕ್ರಿಯ", 4 ಜನ ಎರಡೂ ಸಲ "ನಿಷ್ಕ್ರಿಯ", ಉಳಿದ 16 ಜನರಲ್ಲಿ 8 ಜನ ಈ ಕಡೆಯಿಂದ ಆ ಕಡೆಗೆ, 8 ಜನ ಆ ಕಡೆಯಿಂದ ಈ ಕಡೆಗೆ ಹೋದರು ಅಂದುಕೊಳ್ಳಿ. ಹೊಂದಾಣಿಕೆ ಶೇ. 84. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಬಹುತೇಕರು ಸಕ್ರಿಯರೇ ಆಗಿರುವುದರಿಂದ ಬರೀ ಅದೃಷ್ಟದಿಂದಲೇ ಸುಮಾರು ಶೇ. 79 ಹೊಂದುತ್ತದೆ. ಅದನ್ನು ಕಳೆದು ನೋಡಿದರೆ ಕಪ್ಪಾ 0.24 ಮಾತ್ರ.

ಮೂರನೆಯದನ್ನು ಹೆಚ್ಚಿನವರು ಬಿಟ್ಟೇ ಬಿಡುತ್ತಾರೆ: ಉತ್ತರದಲ್ಲಿ ಎಷ್ಟು ನಿಮಿಷದ ಅಲುಗಾಟ ಇದೆ? ಉತ್ತರಗಳ ಪ್ರಮಾಣಿತ ವಿಚಲನೆ (ಸರಾಸರಿಯ ಸುತ್ತ ಉತ್ತರಗಳು ಹರಡಿರುವ ಅಳತೆ) 60 ನಿಮಿಷ, ಐಸಿಸಿ 0.75 ಇದೆ ಅಂದುಕೊಳ್ಳಿ. 1ರಿಂದ 0.75 ಕಳೆದರೆ 0.25, ಅದರ ವರ್ಗಮೂಲ 0.5. ಅದನ್ನು 60ಕ್ಕೆ ಗುಣಿಸಿದರೆ 30 ನಿಮಿಷ. ಇದು ಅಳತೆಯ ದೋಷ. ಇದನ್ನು 2.77ಕ್ಕೆ (ಎರಡು ಸಲದ ಅಳತೆಗಳ ವ್ಯತ್ಯಾಸಕ್ಕೆ ಶೇ. 95ರ ಮಟ್ಟದಲ್ಲಿ ಬಳಸುವ ಅಂಕಿ) ಗುಣಿಸಿದರೆ ಸುಮಾರು 83 ನಿಮಿಷ. ಅಂದರೆ ಒಬ್ಬ ವ್ಯಕ್ತಿಯ ಉತ್ತರ 40ರಿಂದ 90 ನಿಮಿಷಕ್ಕೆ ಏರಿದರೂ ಅದನ್ನು ನಿಜವಾದ ಬದಲಾವಣೆ ಅನ್ನುವಂತಿಲ್ಲ, ಯಾಕೆಂದರೆ ಪ್ರಶ್ನಾವಳಿಯ ಅಲುಗಾಟವೇ ಅದಕ್ಕಿಂತ ದೊಡ್ಡದು. 100 ಜನರ ಸರಾಸರಿ ತೆಗೆದುಕೊಂಡರೆ ಈ 83 ಅನ್ನು 100ರ ವರ್ಗಮೂಲವಾದ 10ರಿಂದ ಭಾಗಿಸಿ. ಸುಮಾರು 8 ನಿಮಿಷಕ್ಕೆ ಇಳಿಯುತ್ತದೆ. ಗುಂಪಿನ ಬಗ್ಗೆ ಮಾತಾಡಲು ಯೋಗ್ಯವಾದ ಪ್ರಶ್ನಾವಳಿ ಕ್ಲಿನಿಕ್‌ನಲ್ಲಿ ಎದುರು ಕೂತ ಒಬ್ಬ ರೋಗಿಯ ಬಗ್ಗೆ ತೀರ್ಪು ಕೊಡಲು ಯೋಗ್ಯವಾಗದೆ ಹೋಗುವುದು ಹೀಗೆ.

ನಿಜದ ಜೊತೆ ಹೋಲಿಸುವುದು

ಶಕ್ತಿ ವ್ಯಯ ಅಳೆಯಲು ಅತ್ಯಂತ ನಂಬಿಕೆಯ ವಿಧಾನ ಡಬ್ಲಿ ಲೇಬಲ್ಡ್ ವಾಟರ್. ಜಲಜನಕ ಮತ್ತು ಆಮ್ಲಜನಕದ ಅಪರೂಪದ ಐಸೋಟೋಪ್‌ಗಳಿರುವ ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ತೆಗೆದು ಲೆಕ್ಕ ಹಾಕುತ್ತಾರೆ. ತುಂಬಾ ದುಬಾರಿ. ಅಲ್ಲದೆ ಒಟ್ಟು ಎಷ್ಟು ಶಕ್ತಿ ಖರ್ಚಾಯಿತು ಅಂತ ಹೇಳುತ್ತದೆಯೇ ಹೊರತು ಯಾವ ಕೆಲಸಕ್ಕೆ ಅಂತ ಹೇಳುವುದಿಲ್ಲ. ಆದ್ದರಿಂದ ಬಹುತೇಕರು ಆಕ್ಸಿಲರೋಮೀಟರ್ ಬಳಸುತ್ತಾರೆ. ಸೊಂಟಕ್ಕೋ ಮಣಿಕಟ್ಟಿಗೋ ಕಟ್ಟುವ, ಚಲನೆ ದಾಖಲಿಸುವ ಪುಟ್ಟ ಸಾಧನ ಅದು.

ಕ್ರಮ ಹೀಗಿರಲಿ. 7 ದಿನ ಕಟ್ಟಿಸಿ. ದಿನಕ್ಕೆ ಕನಿಷ್ಠ 10 ಗಂಟೆಯಂತೆ 4 ದಿನವಾದರೂ ಕಟ್ಟಿಕೊಂಡವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ರೂಢಿ. ಒಂದು ಭಾನುವಾರ ಸೇರಿದ್ದರೆ ಒಳ್ಳೆಯದು. ಕಳೆದ 7 ದಿನ ಕೇಳುವ ಪ್ರಶ್ನಾವಳಿಯನ್ನು ಸಾಧನ ಬಿಚ್ಚುವ ದಿನ ಕೇಳಿ, ಆಗ ಎರಡೂ ಒಂದೇ ವಾರದ ಮಾತಾಗುತ್ತವೆ. ಕಟ್ಟುವ ದಿನ ಕೇಳಿದರೆ ಎರಡು ಬೇರೆ ವಾರಗಳನ್ನು ಹೋಲಿಸಿದ ಹಾಗಾಗುತ್ತದೆ. ಫಲಿತಾಂಶ ತೋರಿಸಲು ಬ್ಲಾಂಡ್–ಆಲ್ಟ್‌ಮನ್ ಚಿತ್ರ ಹಾಕಿ. ಪ್ರತಿಯೊಬ್ಬರ ಎರಡು ಅಳತೆಗಳ ಸರಾಸರಿ ಅಡ್ಡಕ್ಕೆ, ವ್ಯತ್ಯಾಸ ಉದ್ದಕ್ಕೆ. ಹೆಚ್ಚು ಹೇಳುವವರಲ್ಲಿ ವ್ಯತ್ಯಾಸವೂ ಹೆಚ್ಚಾಗಿ ಚುಕ್ಕಿಗಳು ಬೀಸಣಿಗೆಯಂತೆ ಹರಡುವುದು ಸಾಮಾನ್ಯ.

ಸಾಧನವನ್ನೇ ದೇವರು ಅಂದುಕೊಳ್ಳಬೇಡಿ. ಸೊಂಟದ ಆಕ್ಸಿಲರೋಮೀಟರ್‌ಗೆ ಸೈಕಲ್ ತುಳಿಯುವುದು ಸರಿಯಾಗಿ ಕಾಣುವುದಿಲ್ಲ. ತಲೆಯ ಮೇಲಿನ ಸೌದೆ ಹೊರೆಯ ಭಾರ ಗೊತ್ತಾಗುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಮುದ್ದೆ ತಿರುವುವುದು, ಬಟ್ಟೆ ಒಗೆಯುವುದು ಅದರ ಕಣ್ಣಿಗೆ ಕೂತಿದ್ದಂತೆಯೇ. ಅದರಲ್ಲಿ ತೀವ್ರತೆ ಗುರುತಿಸಲು ಬಳಸುವ ಗಡಿ ಅಂಕಿಗಳು ಹೆಚ್ಚಾಗಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ ಪಡೆದವು. ನಮ್ಮ ಹಳ್ಳಿಗಳಲ್ಲಿ ಪ್ರಶ್ನಾವಳಿ ಮತ್ತು ಸಾಧನ ಹೊಂದದಿದ್ದರೆ ತಪ್ಪು ಯಾವಾಗಲೂ ಉತ್ತರ ಕೊಟ್ಟವರದ್ದೇ ಅಂತ ತೀರ್ಮಾನಿಸುವುದು ಸರಿಯಲ್ಲ. ಒಂದೆರಡು ದಿನದ ಚಟುವಟಿಕೆ ದಿನಚರಿಯನ್ನೂ ಜೊತೆಗೆ ಬರೆಸಿದರೆ ಜಗಳ ಬಗೆಹರಿಸಲು ಮೂರನೇ ಸಾಕ್ಷಿ ಸಿಗುತ್ತದೆ.

ಎಷ್ಟು ಬಂದರೆ ಸರಿ?

ಹಿಂದಿನ ಅಧ್ಯಯನಗಳ ಅಂಕಿ ಗೊತ್ತಿದ್ದರೆ ನಿಮ್ಮದು ಎಲ್ಲಿ ನಿಂತಿದೆ ಅಂತ ತಿಳಿಯುತ್ತದೆ. ಐಪ್ಯಾಕನ್ನು 12 ದೇಶಗಳ 14 ಕಡೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಎರಡು ಸಲ ಕೇಳಿದ ಪರೀಕ್ಷೆಯಲ್ಲಿ ಕೋರಿಲೇಶನ್ 0.8ರ ಆಸುಪಾಸು. ಆಕ್ಸಿಲರೋಮೀಟರ್ ಜೊತೆ ಹೋಲಿಸಿದಾಗ ಕೋರಿಲೇಶನ್‌ಗಳ ಮಧ್ಯಾಂಕ ಸುಮಾರು 0.30. ಆ 12ರಲ್ಲಿ ಭಾರತ ಇರಲಿಲ್ಲ. ಜಿಪ್ಯಾಕ್‌ನ 9 ದೇಶಗಳ ಪರೀಕ್ಷೆಯಲ್ಲಿ ಭಾರತ ಇತ್ತು, ಅದು 2009ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ಸಲದ ಕೋರಿಲೇಶನ್ 0.67ರಿಂದ 0.81. ಐಪ್ಯಾಕ್ ಜೊತೆ 0.45ರಿಂದ 0.65. ಸಾಧನದ ಜೊತೆ 0.06ರಿಂದ 0.35 ಮಾತ್ರ. ಎರಡು ಪ್ರಶ್ನಾವಳಿಗಳು ಒಂದಕ್ಕೊಂದು ಚೆನ್ನಾಗಿಯೇ ಒಪ್ಪುತ್ತವೆ, ಯಂತ್ರವನ್ನು ಮಾತ್ರ ಒಪ್ಪುವುದಿಲ್ಲ. ಎರಡರಲ್ಲೂ ಅದೇ ಮನುಷ್ಯ ಅದೇ ಅಂದಾಜಿನಿಂದ ಉತ್ತರ ಕೊಡುವುದು ಇದಕ್ಕೆ ದೊಡ್ಡ ಕಾರಣ. ಹಾಗಾಗಿ ಒಂದು ಪ್ರಶ್ನಾವಳಿಯನ್ನು ಇನ್ನೊಂದರ ಜೊತೆ ಹೋಲಿಸಿ ಸಿಂಧುತ್ವ ಸಾಬೀತಾಯಿತು ಅನ್ನಲು ಬರುವುದಿಲ್ಲ.

ಐಪ್ಯಾಕ್ ಚಿಕ್ಕ ರೂಪದ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿದ 2011ರ ವಿಮರ್ಶೆಯೊಂದರಲ್ಲಿ, ಅದು ಚಟುವಟಿಕೆಯನ್ನು ಸರಾಸರಿ ಶೇ. 84ರಷ್ಟು ಹೆಚ್ಚಾಗಿ ತೋರಿಸುತ್ತದೆ ಅಂತ ಕಂಡುಬಂತು. ಇಂಗ್ಲೆಂಡಿನ 2008ರ ಆರೋಗ್ಯ ಸಮೀಕ್ಷೆಯದು ಇನ್ನೂ ಕಣ್ಣು ತೆರೆಸುವ ಲೆಕ್ಕ. ಬಾಯಿಮಾತಿನಲ್ಲಿ ಶೇ. 39 ಗಂಡಸರು, ಶೇ. 29 ಹೆಂಗಸರು ಶಿಫಾರಸಿನಷ್ಟು ಚಟುವಟಿಕೆ ಮಾಡುತ್ತಿದ್ದರು. ಸಾಧನ ಕಟ್ಟಿ ನೋಡಿದಾಗ ಉಳಿದದ್ದು ಶೇ. 6 ಮತ್ತು ಶೇ. 4.

ಭಾರತದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ನಗರದ ಮಧ್ಯಮ ವರ್ಗಕ್ಕಾಗಿ ತಯಾರಿಸಿದ ಪ್ರಶ್ನಾವಳಿಯನ್ನು 2000ದಲ್ಲೇ ಪ್ರಕಟಿಸಿದರು. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆಗಳಿಗೆ ಹಳ್ಳಿಯಿಂದ ವಲಸೆ ಬಂದವರನ್ನು ಅಭ್ಯಸಿಸಿದ ಇಂಡಿಯನ್ ಮೈಗ್ರೇಶನ್ ಸ್ಟಡಿಗೂ ಬೇರೆ ಪ್ರಶ್ನಾವಳಿ ಇತ್ತು. ಅದನ್ನು ಆಕ್ಸಿಲರೋಮೀಟರ್ ಜೊತೆ ಹೋಲಿಸಿ ನೋಡಿದರು. ಹೊಸದಾಗಿ ಶುರು ಮಾಡುವ ಮೊದಲು ಇವನ್ನು ಹುಡುಕಿ ಓದಿ.

ಕೊನೆಗೆ ಬರೆಯುವಾಗ

ಒಟ್ಟು ಅಂಕಿ ಒಂದನ್ನೇ ಕೊಡಬೇಡಿ. ಗಂಡಸರು, ಹೆಂಗಸರು, ಹಳ್ಳಿ, ಪಟ್ಟಣ, ಓದಿದವರು, ಓದದವರು ಅಂತ ಬಿಡಿಸಿ ತೋರಿಸಿ. ಕ್ರೀಡೆ, ಜಿಮ್‌ನಂಥ ಗೊತ್ತುಮಾಡಿದ ಹೊತ್ತಿನ ಚಟುವಟಿಕೆಯನ್ನು ಜನ ಚೆನ್ನಾಗಿ ನೆನಪಿಡುತ್ತಾರೆ. ದಿನದಲ್ಲಿ ಹರಡಿಹೋಗಿರುವ ನಡಿಗೆ, ಮನೆಗೆಲಸ ಅಷ್ಟು ನೆನಪಿಗೆ ಬರುವುದಿಲ್ಲ. ಒಟ್ಟಾರೆ ಐಸಿಸಿ 0.75 ಇದ್ದು ಗೃಹಿಣಿಯರಲ್ಲಿ 0.40 ಇದ್ದರೆ ಓದುಗರಿಗೆ ಬೇಕಾಗಿರುವುದು ಆ ಎರಡನೇ ಅಂಕಿಯೇ.

ಪ್ರತಿ ಅಂಕಿಯ ಜೊತೆ ಶೇ. 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅಂಕಿ ಎಲ್ಲಿಂದ ಎಲ್ಲಿಯ ತನಕ ಇರಬಹುದು ಅನ್ನುವ ಅಂದಾಜು) ಬರೆಯಿರಿ. ಎಷ್ಟು ಜನರನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಯಾವ ಹಂಗಾಮಿನಲ್ಲಿ ಕೇಳಿದಿರಿ, ಯಾರು ಕೇಳಿದರು, ಕನ್ನಡದ ಪ್ರಶ್ನೆ ಯಾವ ಮಾತಿನಲ್ಲಿತ್ತು ಅನ್ನುವುದೂ ಇರಲಿ. ಪೂರ್ತಿ ಕನ್ನಡ ಪ್ರಶ್ನಾವಳಿಯನ್ನು ಅನುಬಂಧದಲ್ಲಿ ಹಾಕಿ. ಮುಂದೆ ಕೊಪ್ಪಳದಲ್ಲೋ ಕಾರವಾರದಲ್ಲೋ ಇದೇ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿ ಮತ್ತೆ ಮೊದಲಿನಿಂದ ಅನುವಾದ ಮಾಡುವ ಬದಲು, ನಿಮ್ಮ ಪ್ರಶ್ನೆಗಳನ್ನೇ ತೆಗೆದುಕೊಂಡು ತನ್ನ ಊರಿನವರ ಎದುರು ಕೂತು ಪರೀಕ್ಷಿಸಬಹುದು.